ಕಿತ್ತೂರಿನ ಫೋನು

ಪಾಂಡುರಂಗಾಚಾರ್ಯರ ದಾಯಾದಿ ಬಳಗ ದೊಡ್ಡದು. ಸಂಗೊಳ್ಳಿಯಲ್ಲಿ ಅವರದು ಒಂದೇ ಮನೆ. ಆದರೆ ಕಿತ್ತೂರು, ಸವದತ್ತಿ, ರಾಮದುರ್ಗ, ಅತ್ತ ಹೂಲಿ ಎಂದು ಒಬ್ಬನೇ ಮೂಲಪುರುಷನ ಹತ್ತೊಂಬತ್ತು ಮನೆಗಳು ಚದುರಿಕೊಂಡಿದ್ದವು. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಹತ್ತು ದಿನ, ಯಾರು ತೀರಿದರೂ ಹತ್ತು ದಿನ, ಹತ್ತೊಂಬತ್ತು ಮನೆಗಳಿಗೂ ಸೂತಕ. ದೇವರ ಪೂಜೆಯಿಲ್ಲ, ಗುಡಿಯ ಮೆಟ್ಟಿಲು ಹತ್ತುವಂತಿಲ್ಲ, ಮೈಗೆ ಹೊಸ ಬಟ್ಟೆ ಹಾಕುವಂತಿಲ್ಲ. ಭಗವಂತನ ದಯೆಯಿಂದ ವಂಶ ಬೆಳೆದಿತ್ತು. ಬೆಳೆದ ವಂಶದಲ್ಲಿ ಹುಟ್ಟು ಸಾವುಗಳೂ ಹೆಚ್ಚು. ಅವು ಯಾಕೋ ಶಾಲೆ ತೆರೆಯುವ ಹೊತ್ತನ್ನೇ ನೋಡಿಕೊಂಡು ಬರುತ್ತಿದ್ದವು.

ಮೂರು ವರ್ಷದ ಹಿಂದೆ ರಾಮದುರ್ಗದ ಅಜ್ಜಿ ಹೋದಳು. ಮರುವರ್ಷ ಹೂಲಿಯಲ್ಲಿ ಅವಳಿ ಮಕ್ಕಳು ಹುಟ್ಟಿದವು. ಹೋದ ವರ್ಷ ಸವದತ್ತಿಯ ಕಾಕಾ. ಮೂರೂ ವರ್ಷ ಮೊಮ್ಮಗಳು ಶರ್ವರಿ, ಮೊಣಕಾಲ ಮೇಲೇರಿದ ಹಳೆಯ ಲಂಗ, ಬಣ್ಣ ಬಿಟ್ಟ ಅಂಗಿ ಹಾಕಿಕೊಂಡೇ ಮೊದಲ ದಿನ ಶಾಲೆಗೆ ಹೋಗಿದ್ದಳು. ಹೋದ ವರ್ಷ ಒಮ್ಮೆ ಕೇಳಿದ್ದಳು, "ಅಜ್ಜಾ, ಮಕ್ಕಳಿಗೂ ಅದ ಏನು ಸೂತಕ?" ಪಂಚಾಂಗ ನೋಡುತ್ತಿದ್ದ ಅಜ್ಜ ತಲೆಯೆತ್ತದೆ, "ಮನ್ಯಾಗಿದ್ದವ್ರಿಗೆಲ್ಲಾ ಒಂದ," ಎಂದಿದ್ದರು. ಹುಡುಗಿ ಮತ್ತೆ ಕೇಳಿರಲಿಲ್ಲ. ಆ ಕೇಳದಿರುವಿಕೆ ಆಚಾರ್ಯರ ಎದೆಯಲ್ಲಿ ವರ್ಷವಿಡೀ ಉಳಿದಿತ್ತು.

ಈ ವರ್ಷ ಅವಳು ಆರನೆಯ ಇಯತ್ತೆಗೆ ಬೈಲಹೊಂಗಲದ ಹೊಸ ಶಾಲೆಗೆ ಹೋಗಬೇಕು. ತಮ್ಮ ಸಂಕೇತ ಅದೇ ಶಾಲೆಗೆ ಒಂದನೆಯದಕ್ಕೆ. ಅಲ್ಲಿ ಮೊದಲ ದಿನವೇ ಮಕ್ಕಳ ಫೋಟೋ ತೆಗೆಯುತ್ತಾರೆ. ಅದನ್ನು ಚೀಟಿಗೆ ಅಂಟಿಸಿ ಕೊರಳಿಗೆ ಹಾಕುತ್ತಾರೆ. ವರ್ಷವಿಡೀ ಅದನ್ನೇ ಹಾಕಿಕೊಂಡು ತಿರುಗಬೇಕು. ಇದನ್ನೆಲ್ಲ ಶರ್ವರಿ ತಾನಾಗಿ ಹೇಳಲಿಲ್ಲ. ಅವಳ ತಾಯಿ ಗೌತಮಿ ಹೇಳಿದ್ದು. ಆಚಾರ್ಯರು ಯುಗಾದಿಯ ದಿನ ನಂದಾದೀಪಕ್ಕೆ ಎಣ್ಣೆ ಹಾಕುತ್ತ, "ಈ ಸಲ ಹೊಸಾದ ಹಾಕಿಸೇ ಕಳಸ್ತೇನಿ ನಿನ್ನ," ಎಂದುಬಿಟ್ಟಿದ್ದರು. ದೇವರ ಮುಂದೆ ಆಡಿದ ಮಾತು.

ಮೇ ತಿಂಗಳ ಕೊನೆಗೆ ಕಿತ್ತೂರಿನ ಬಿಂದಣ್ಣ ಹಾಸಿಗೆ ಹಿಡಿದರು. ಆಚಾರ್ಯರ ದೊಡ್ಡಪ್ಪನ ಮಗ, ಎಂಬತ್ತೊಂದರ ಮುದುಕ. ಇಬ್ಬರೂ ಒಂದೇ ಗುರುವಿನ ಹತ್ತಿರ ಮಂತ್ರ ಕಲಿತವರು. ನಾಲ್ಕು ದಿನದಿಂದ ಚಮಚೆಯಲ್ಲಿ ನೀರು ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. ಶಾಲೆ ಸುರುವಾಗುವುದು ನಾಡಿದ್ದು.

ಬೆಳಿಗ್ಗೆ ಆಚಾರ್ಯರ ಹೆಂಡತಿ ಕಮಲಾಬಾಯಿ ಗಂಡನ ಕೈಗೆ ಚೀಲ ಕೊಟ್ಟರು.

"ಇವತ್ತ ಹೋಗಿ ಬಂದಬಿಡ್ರಿ. ನಾ ಕೆಟ್ಟದ್ದ ಆಡವಲ್ಲೆ. ಬಿಂದಣ್ಣನವರು ನೂರ ವರ್ಷ ಇರಲಿ. ಆದ್ರ ಇವತ್ತ ಹೋಗಿ ಬರ್ರಿ. ಅಂಗಡ್ಯಾಗ ಒಮ್ಮೆ ಮೈಗೆ ಹಾಕಿ ತಗೀಸ್ರಿ. ಒಮ್ಮೆ ಮೈ ಮುಟ್ಟಿದ್ರ ಅದು ಹೊಸಾದ ಅಲ್ಲ. ಆಮ್ಯಾಲೆ ಏನ ಬಂದ್ರೂ ನಾಡಿದ್ದ ಹಾಕ್ಕೊಂಡ ಹೋಗಬಹುದು."

"ಇದನ್ನ ಯಾರ ಹೇಳಿದ್ರು ನಿನಗ?"

"ನೀವ. ಬೀರಪ್ಪನ ಹೆಂಡತಿಗೆ ಹೇಳೂ ಮುಂದ ನಾ ಅಲ್ಲೇ ಕುಂತಿದ್ದೆ."

ಹೌದು, ಹೇಳಿದ್ದರು. ಸುತ್ತಲಿನ ಹಳ್ಳಿಗಳಿಗೆ ಸೂತಕದ ಲೆಕ್ಕ ಹೇಳುವವರು ಅವರೇ. ಸೂತಕ ಹಿಡಿಯುವುದು ಸತ್ತ ಗಳಿಗೆಯಿಂದಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ, ಇದು ಶಾಸ್ತ್ರ. ಇದೇ ಶಾಸ್ತ್ರ ಹಿಡಿದು ಎಷ್ಟು ಮನೆಗಳ ಮದುವೆ ಉಳಿಸಿದ್ದರೋ. ಬೀರಪ್ಪನ ಮಗಳ ಮದುವೆಯ ಅಕ್ಕಿಕಾಳಿನ ಹೊತ್ತಿಗೆ ಅವನ ದಾಯಾದಿಗಳಲ್ಲಿ ಒಬ್ಬರು ಹೋದ ಸುದ್ದಿ ಹೊತ್ತು ಒಬ್ಬ ಬಂದಾಗ, ಆಚಾರ್ಯರೇ ಅವನನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿ, ಮುಂದೆ ಬುಂದಿಯ ತಾಟು ಇಟ್ಟು, "ಉಣ್ಣಪಾ, ಬಾಯಿ ತುಂಬ ಇರಲಿ," ಎಂದಿದ್ದರು. ಊರೆಲ್ಲ ನಕ್ಕಿತ್ತು. ಬೇರೆಯವರ ಕಿವಿ ಕಾಯುವುದು ಸುಲಭ. ಇಂದು ತಮ್ಮ ಕಿವಿಯನ್ನೇ ಕಾಯ್ದುಕೊಂಡು ಪೇಟೆಗೆ ಹೊರಟಾಗ ಆಚಾರ್ಯರಿಗೆ, ಸಾಯುತ್ತಿರುವ ಅಣ್ಣನ ಜೊತೆ ಓಟಕ್ಕೆ ಬಿದ್ದಂತೆ ನಾಚಿಕೆಯಾಯಿತು.

ಬೈಲಹೊಂಗಲದ ಬಜಾರದಲ್ಲಿ ಜನವೋ ಜನ. ಒಂದು ಕಡೆ ಸೋಯಾಬೀನ ಬೀಜಕ್ಕೆ ಸಾಲು, ಇನ್ನೊಂದು ಕಡೆ ವಹಿ ಪುಸ್ತಕಕ್ಕೆ. ಗೌತಮಿ ಅಂಗನವಾಡಿಯ ತರಬೇತಿಗೆ ಹೋಗಿದ್ದಳು. ಆಚಾರ್ಯರ ಮಗನಿಗೆ ಸಕ್ಕರೆ ಕಾರ್ಖಾನೆಯ ಪಾಳಿ. ಹಾಗಾಗಿ ಬೇಕಾದವುಗಳ ಪಟ್ಟಿ ಶರ್ವರಿಯ ಕೈಯಲ್ಲಿತ್ತು. ಅವಳು ಓದಿದಳು, ಅಜ್ಜ ಹಿಂದೆ ನಡೆದರು. ಎರಡು ಗೆರೆಯ ವಹಿ, ನಾಲ್ಕು ಗೆರೆಯ ವಹಿ, ಕಂಪಾಸ ಪೆಟ್ಟಿಗೆ, ಕಂದು ಬಣ್ಣದ ರಟ್ಟಿನ ಹಾಳೆ. ನಾಲ್ಕು ಗೆರೆಯದು ಯಾಕೆ ಎಂದು ಅಜ್ಜ ಕೇಳಿದರು. "ಇಂಗ್ಲೀಷ್ ಅಕ್ಷರ ಮ್ಯಾಲೆ ಕೆಳಗ ಓಡ್ಯಾಡತಾವ ಅಜ್ಜಾ, ಅವಕ್ಕ ಜಾಗಾ ಬೇಕು," ಎಂದಳು. ಸಂಕೇತನಿಗೆ ಆನೆಯ ಚಿತ್ರದ ಪಾಟಿಚೀಲ ಸಿಕ್ಕಿತು. ಅವನು ಅದನ್ನು ಬೆನ್ನಿಗೆ ಹಾಕಿಕೊಂಡವನು ಮತ್ತೆ ಇಳಿಸಲಿಲ್ಲ.

ಉಳಿದದ್ದು ಸಮವಸ್ತ್ರ. ಆ ಶಾಲೆಯ ಕೆಂಪು ಚೌಕಡಿಯ ಬಟ್ಟೆ ಸಿಗುವುದು ಶಿವಲಿಂಗನ ಅಂಗಡಿಯಲ್ಲಿ ಮಾತ್ರ. ಶಿವಲಿಂಗ ಆಚಾರ್ಯರನ್ನು ಕಂಡವನೇ ಕೈ ಮುಗಿದು ನಕ್ಕ.

"ಬರ್ರಿ ಆಚಾರ್ರ. ನಿಮ್ಮ ಹುಡುಗೂರ ಸೈಜು ಮುಂಜಾನೇನ ಖಾಲಿ ಆತ್ರಿ. ಬೆಳಗಾವಿಯಿಂದ ಗಂಟ ಬರಾಕತ್ತೈತಿ. ಮೂರರ ಬಸ್ಸಿಗೆ ಬರತೈತಿ. ಕುಂದರ್ರಿ, ನೀರ ಕುಡೀರಿ."

ಗಡಿಯಾರದಲ್ಲಿ ಒಂದೂವರೆ. ಬಾಕಿನ ಮೇಲೆ ಮೂವರೂ ಕೂತರು. ಸಂಕೇತ ಅಕ್ಕನ ತೊಡೆಯ ಮೇಲೆ ತಲೆಯಿಟ್ಟ. ಪಕ್ಕದಲ್ಲಿ ಯರಗಟ್ಟಿ ಕಡೆಯ ಶಟ್ಟೆವ್ವ ಎಂಬ ಮುದುಕಿ ಮೊಮ್ಮಗನನ್ನು ಮುಂದೆ ನಿಲ್ಲಿಸಿಕೊಂಡು ಅಂಗಿ ನೋಡುತ್ತಿದ್ದಳು.

"ಇದಕ್ಕೂ ದೊಡ್ಡದ ಕೊಡೋ ಶಿವಲಿಂಗಾ. ಮೂರ ವರ್ಷ ಬರಬೇಕ ಇದು."

"ಯವ್ವಾ, ಇದನ್ನ ಹಾಕಿದ್ರ ಹುಡುಗ ಎಲ್ಲಿ ಅದಾನಂತ ಮಾಸ್ತರ ಹುಡಕಬೇಕಾಕ್ಕೈತಿ."

"ಹುಡಕಲಿ ತಗೋ. ಪಗಾರ ತಗೊಳ್ಳುದಿಲ್ಲೇನ ಅವ್ರು?"

ಶರ್ವರಿ ನಕ್ಕಳು. ಆಚಾರ್ಯರೂ ನಕ್ಕರು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ತೆಗೆದು ನೋಡಿದರು. ಬಿಂದಣ್ಣನ ಮಗನ ಹೆಸರು: ಮಿಲಿಂದ, ಕಿತ್ತೂರು. ಮುಳ್ಳು ನೆಟ್ಟಂತೆ ಅಕ್ಷರಗಳು ಹೊಳೆಯುತ್ತಿದ್ದವು. ಬೆರಳು ಹಸಿರು ಗುಂಡಿಯ ಹತ್ತಿರ ಹೋಗಿ ನಿಂತಿತು. ಕ್ಷೇಮವಾಗಿದ್ದಾರೆ ಎಂದು ಹೇಳಲೂ ಮಾಡಿರಬಹುದು ಎಂದುಕೊಂಡರು. ಹಾಗೆ ಹೇಳಲು ಯಾರೂ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಫೋನು ತಾನೇ ಬಡಿದುಕೊಂಡು ತಾನೇ ಸುಮ್ಮನಾಯಿತು. ಎರಡನೆಯ ಸಲ ಬಂದಾಗ ಅದನ್ನು ಚೀಲದೊಳಗೆ, ವಹಿಗಳ ನಡುವೆ ಇಟ್ಟರು.

"ಫೋನ್ರಿ ಆಚಾರ್ರ," ಎಂದ ಶಿವಲಿಂಗ.

"ಇರಲಿ ಬಿಡಪಾ. ಇಲ್ಲೆ ಗದ್ದಲದಾಗ ಏನ ಕೇಳಸ್ತದ."

ಎರಡೂಮುಕ್ಕಾಲಿಗೆ ಅವರಿಗೆ ಕೂರಲಾಗಲಿಲ್ಲ. ಬಸ್ಸು ಬಂತೇನೋ ನೋಡಿಬರುತ್ತೇನೆಂದು ಎದ್ದರು. ಚೀಲ ಬಾಕಿನ ಮೇಲೆಯೇ ಇತ್ತು, ಫೋನು ಅದರೊಳಗೆ. ಅದನ್ನು ಮರೆತು ಹೋದರೋ ಬಿಟ್ಟು ಹೋದರೋ, ಆಮೇಲೆ ಎಷ್ಟೋ ದಿನ ದೇವರ ಕಟ್ಟೆಯ ಮುಂದೆ ಕೂತು ಅವರು ತಮ್ಮನ್ನೇ ಕೇಳಿಕೊಂಡದ್ದುಂಟು. ಆ ಗಳಿಗೆಯಲ್ಲಿ ಅವರಿಗೆ ಗೊತ್ತಿದ್ದದ್ದು ಇಷ್ಟೇ: ಅಂಗಡಿಯ ಹೊರಗೆ ಬಂದಾಗ ಜೇಬು ಹಗುರಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಬೆಳಗಾವಿಯ ಬಸ್ಸು ಆಗಷ್ಟೇ ಬಂದು ನಿಂತು, ಹಮಾಲನೊಬ್ಬ ಗಂಟು ಇಳಿಸುತ್ತಿದ್ದ. ಅವನ ಹಿಂದೆಯೇ ಬೇಗ ಬೇಗ ನಡೆದುಬಂದರು. ಅಂಗಡಿಯ ಬಾಗಿಲಿಗೆ ಬಂದು ನಿಂತರು.

ಶರ್ವರಿ ಬಾಕಿನ ಮೇಲೆ ಇರಲಿಲ್ಲ. ಬಾಗಿಲ ಪಕ್ಕದ ಕಲ್ಲಿನ ಮೇಲೆ, ಲಂಗವನ್ನು ಎರಡೂ ಕಡೆಯಿಂದ ಒಳಗೆ ಸೇರಿಸಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಸಂಕೇತ ಅವಳ ಕಡೆಗೆ ಹೊರಟಿದ್ದ.

"ನನ್ನ ಮುಟ್ಟಬ್ಯಾಡ. ಅಲ್ಲೇ ಕೂಡು," ಎಂದಳು. ಸಿಟ್ಟಿನಿಂದಲ್ಲ.

ಆ ಕೂರುವ ರೀತಿ ಆಚಾರ್ಯರಿಗೆ ಚೆನ್ನಾಗಿ ಗೊತ್ತು. ಅವರ ಮನೆಯಲ್ಲಿ ಸುದ್ದಿ ಬಂದ ದಿನ ಎಲ್ಲರೂ ಕೂರುವುದೇ ಹಾಗೆ.

"ಆಚಾರ್ರ, ಫೋನ್ ಮತ್ತ ಬಂತ್ರಿ," ಶಿವಲಿಂಗ ಗಂಟಿನ ಹಗ್ಗ ಕತ್ತರಿಸುತ್ತ ಹೇಳಿದ. "ಒಂದ ಸವನ ಹೊಡಕೊಳ್ಳಾಕತ್ತಿತ್ತು, ನಿಮ್ಮ ಹುಡಿಗಿ ತಗೊಂಡ್ಲು. ಹ್ಞೂ ಅಂದ್ಲು, ಹ್ಞೂ ಅಂದ್ಲು, ಇಟ್ಲು."

ಆಚಾರ್ಯರು ಮೊಮ್ಮಗಳ ಕಡೆ ನೋಡಿದರು. ಅವಳು ರಸ್ತೆಯ ಕಡೆ ನೋಡುತ್ತಿದ್ದಳು.

"ಏನಿಲ್ಲ ಅಜ್ಜಾ. ಮಿಲಿಂದ ಕಾಕಾ. ಆಮ್ಯಾಲೆ ಮಾಡ್ತಾರಂತ. ನೀ ಸಂಕ್ಯಾಗ ಅಂಗಿ ಹಾಕಿ ನೋಡು."

ಅಜ್ಜನಿಗೆ ತಿಳಿಯಿತು. ಹನ್ನೊಂದು ವರ್ಷದ ಕೂಸು ಸಾವಿನ ಸುದ್ದಿಯನ್ನು ತನ್ನೊಬ್ಬಳ ಕಿವಿಯಲ್ಲಿ ಹಿಡಿದುಕೊಂಡು ಕೂತಿತ್ತು. ಕೇಳಿದವರಿಗೆ ಸೂತಕ, ಕೇಳದವರಿಗೆ ಇಲ್ಲ. ಹಾಗಾದರೆ ತನಗಾಯಿತು, ತಮ್ಮನಿಗೆ ಆಗಿಲ್ಲ, ಅಜ್ಜನಿಗೂ ಆಗಿಲ್ಲ. ಅಜ್ಜ ಕೊಳ್ಳಬಹುದು, ತಮ್ಮ ಹಾಕಿಕೊಳ್ಳಬಹುದು. ಅವರು ಊರಿಗೆಲ್ಲ ಹೇಳಿದ ಲೆಕ್ಕವನ್ನು ಅವಳು ಒಂದು ಕಾಳೂ ಚೆಲ್ಲದೆ ಮಾಡಿದ್ದಳು.

ಈಗ ಏನು ಮಾಡಬೇಕು? ಏನಾಯಿತವಾ ಎಂದು ಕೇಳಿದರೆ ಅವಳು ಹೇಳಬೇಕಾಗುತ್ತದೆ; ಹೇಳಿದರೆ ಅವಳು ಹಿಡಿದದ್ದೆಲ್ಲ ಚೆಲ್ಲಿಹೋಗುತ್ತದೆ. ಕೇಳದಿದ್ದರೆ, ಬಿಂದಣ್ಣ ಅಲ್ಲಿ ನೆಲದ ಮೇಲೆ ಮಲಗಿದ್ದಾನೆ, ಇಲ್ಲಿ ಈ ಕೂಸು ಕಲ್ಲಿನ ಮೇಲೆ ಒಂದೇ ಕೂತಿದೆ. ಕಿವಿಗೆ ಬಿದ್ದಿಲ್ಲ ನಿಜ. ಕಣ್ಣಿಗೆ ಬಿದ್ದದ್ದಕ್ಕೆ ಶಾಸ್ತ್ರದಲ್ಲಿ ಏನು ಹೇಳಿದೆ ಎಂದು ಅವರು ಹುಡುಕಿದರು. ದೇವರ ಹೆಸರೊಂದೇ ಬಂತು, ಅದನ್ನೇ ಒಳಗೆ ಹೇಳಿಕೊಂಡರು.

"ಬಾರೋ ಸಂಕೇತ," ಎಂದರು.

ಚೌಕಡಿ ಅಂಗಿಯ ಗುಂಡಿಗಳು ಚಿಕ್ಕವು. ಮೇಲಿನ ಗುಂಡಿ ಕೆಳಗಿನ ಕಾಜಿಗೆ ಹೋಯಿತು. ಅಂಗಿ ಒಂದು ಕಡೆ ಏರಿ, ಒಂದು ಕಡೆ ಇಳಿದು ನಿಂತಿತು.

"ಅಕ್ಕಾ, ನೀ ಹಾಕ ಬಾ," ಸಂಕೇತ ಕರೆದ.

ಅವಳು ಏಳಲಿಲ್ಲ. ಕೂತಲ್ಲಿಂದಲೇ ಹೇಳಿದಳು, "ಅಜ್ಜಾ, ಎಲ್ಲಾ ಬಿಚ್ಚು. ಕೆಳಗಿಂದ ಸುರು ಮಾಡು. ಹ್ಞಾ, ಅದು. ಈಗ ಅದರ ಮ್ಯಾಲಿಂದು."

ಅವಳು ಹೇಳುತ್ತ ಹೋದಳು, ಅಜ್ಜ ಹಾಕುತ್ತ ಹೋದರು. ಕನ್ನಡಿಯಲ್ಲಿ ಸಂಕೇತ ತನ್ನನ್ನು ನೋಡಿಕೊಂಡು ಎದೆಯುಬ್ಬಿಸಿದ. ಶಟ್ಟೆವ್ವ, "ಸಾಹೇಬ ಆದ ನೋಡ," ಎಂದಳು. ತೆಗೆದು ಮಡಚಿಟ್ಟರು. ಸಂಕೇತನದು ಮುಗಿಯಿತು; ಇನ್ನು ಅದು ಹೊಸದಲ್ಲ.

ಶಿವಲಿಂಗ ಗಂಟಿನಿಂದ ಲಂಗ, ಅಂಗಿ, ಮೇಲಿನ ಜಾಕೀಟು ತೆಗೆದು ಗಾಜಿನ ಮೇಲೆ ಹರಡಿದ. "ಬಾರವಾ ತಂಗಿ. ನಿಂದ ಸೈಜ ಒಂದ ಬಂದೈತಿ. ಒಳಗ ಹೋಗಿ ಹಾಕ್ಕೊಂಡ ನೋಡ."

ಶರ್ವರಿ ಒಮ್ಮೆ ಅದರ ಕಡೆ ನೋಡಿದಳು. ಒಂದೇ ಸಲ.

"ನನಗ ಬ್ಯಾಡ್ರಿ."

"ಯಾಕವಾ?"

"ಬರೂದಿಲ್ಲ ನನಗ ಅದು. ಸಣ್ಣದ ಆಗತದ."

"ಹಾಕದನ ಹೆಂಗ ಗೊತ್ತಾತ? ನಿನ್ನ ಸಲುವಾಗಿ ಬೆಳಗಾವಿಯಿಂದ ಬಂದೈತಿ ಅದು."

"ಬ್ಯಾಡ್ರಿ. ನಂದ ಹಳೇದ ಚಲೋ ಅದ."

ಶಟ್ಟೆವ್ವ ಅವಳ ಮುಖವನ್ನೇ ನೋಡಿದಳು. "ಇಷ್ಟೊತ್ತು ನಕ್ಕೋತ ಇತ್ತು ಹುಡಿಗಿ. ಯಾರರ ಏನರ ಅಂದ್ರೇನ ನಿನಗ?" ಎಂದಳು. ಶರ್ವರಿ ಮೊಣಕಾಲಿನ ಮೇಲೆ ಮುಖವಿಟ್ಟಳು.

ಆಚಾರ್ಯರಿಗೆ ಆಮೇಲೆ ಲೆಕ್ಕ ಉಳಿಯಲಿಲ್ಲ. ಎದ್ದು ಹೋದರು, ಕಲ್ಲಿನ ಮೇಲೆ ಅವಳ ಪಕ್ಕ ಕೂತರು, ತಲೆಯ ಮೇಲೆ ಕೈಯಿಟ್ಟರು. ಅವಳು ಹೌಹಾರಿ ಸರಿದಳು.

"ಅಜ್ಜಾ, ಮುಟ್ಟಿದಿ."

"ಇರಲಿ. ಯಾವಾಗಂತವಾ?"

ಅವಳು ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಕೇಳಬಾರದಿತ್ತು ನೀನು, ಎನ್ನುವ ಹಾಗಿತ್ತು ಆ ನೋಟ.

"ಒಂದಕ್ಕಂತ. ನೀ ಬಂದ ಮ್ಯಾಲೇನ ಎತ್ತತಾರಂತ. ದಾರಿ ನೋಡ್ತೇವಿ ಅಂದ್ರು ಕಾಕಾ," ಎಂದಳು. ಅಷ್ಟು ಹೇಳಿದ ಮೇಲೆ ಅತ್ತಳು. ಸದ್ದಿಲ್ಲದೆ, ತಮ್ಮನಿಗೆ ಕೇಳಿಸದ ಹಾಗೆ.

ಶಿವಲಿಂಗ ಕೈಯಲ್ಲಿದ್ದ ಲಂಗವನ್ನು ಮೆಲ್ಲಗೆ ಗಾಜಿನ ಮೇಲೆ ಇಟ್ಟ. ಅವನಿಗೂ ತಿಳಿಯಿತು.

"ಹಾಕ್ಕೋವಾ," ಆಚಾರ್ಯರು ತಗ್ಗಿದ ದನಿಯಲ್ಲಿ ಹೇಳಿದರು. "ಮಕ್ಕಳಿಗೆ ನಡೀತದ. ನಾ ಹೇಳ್ತೇನಿ."

"ಹೋದ ವರ್ಷ ನಡಿಯೂದಿಲ್ಲ ಅಂದಿದ್ದಿ."

ಅದರಲ್ಲಿ ದೂರಿರಲಿಲ್ಲ. ಪಾಠ ಒಪ್ಪಿಸುವ ಮಗುವಿನ ದನಿ. ದೂರಿದ್ದರೆ ಅವರು ಏನಾದರೂ ಹೇಳುತ್ತಿದ್ದರು. ನಡೆಯುತ್ತದೆ ಎನ್ನಲೂ ಅವರ ಹತ್ತಿರ ಶಾಸ್ತ್ರದ ವಚನವಿತ್ತು, ನಡೆಯುವುದಿಲ್ಲ ಎನ್ನಲೂ ಇತ್ತು. ಹೋದ ವರ್ಷ ಒಂದನ್ನು ಆರಿಸಿಕೊಂಡವರು ಅವರೇ. ಇಂದು ಇನ್ನೊಂದನ್ನು ಎತ್ತಿದರೆ, ಹಾಗಾದರೆ ಆ ಮೂರು ವರ್ಷ ಯಾಕೆ ಎಂದು ಅವಳು ಕೇಳುವುದಿಲ್ಲ. ಕೇಳುವುದಿಲ್ಲ ಎಂಬುದೇ ಅವರ ಬಾಯಿ ಕಟ್ಟಿತು.

"ಹನ್ನೊಂದನೇ ದಿನಕ್ಕ ಬರ್ರಿ ಆಚಾರ್ರ," ಶಿವಲಿಂಗ ಲಂಗ ಮಡಚುತ್ತ ಹೇಳಿದ. "ತಂಗಿ ಹೆಸರ ಬರದ ಇಟ್ಟಿರತೇನಿ. ಯಾರಿಗೂ ಕೊಡೂದಿಲ್ಲ."

ಹನ್ನೊಂದನೆಯ ದಿನದ ಹೊತ್ತಿಗೆ ಹುಡುಗಿಯ ಫೋಟೋ ಕೊರಳಲ್ಲಿ ತೂಗುತ್ತಿರುತ್ತದೆ. ಆಚಾರ್ಯರು ತಲೆಯಾಡಿಸಿದರು. ಅಲ್ಲಿಯೇ ನಿಂತು ಕಿತ್ತೂರಿಗೆ ಫೋನು ಹಚ್ಚಿದರು.

"ಕಾಕಾ, ಆಗಿಂದ ಹಚ್ಚಲಿಕತ್ತೇನಿ," ಎಂದ ಮಿಲಿಂದ. "ಕೂಸಿನ ಕಡೆ ಹೇಳಿದ್ದೆ. ಹೇಳಲಿಲ್ಲೇನು ಆಕಿ?"

"ಹೇಳಿದ್ಲಪಾ. ತಡಾ ಮಾಡಿದಾಂವ ನಾನ. ಬಂದೆ."

ಮಕ್ಕಳನ್ನು ಎಲ್ಲಿಯೂ ಬಿಡುವಂತಿರಲಿಲ್ಲ, ಕರೆದುಕೊಂಡೇ ಹೋಗಬೇಕು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಚಿಕ್ಕದೊಂದು ಮಾರುತಿಯ ಗುಡಿ. ಅದರ ಎದುರು ಶರ್ವರಿ ನಿಂತಳು. ಮೊದಲ ಸಲ ಶಾಲೆಗೆ ಹೋಗುವ ಕೂಸಿನ ಪಾಟಿಚೀಲವನ್ನು ದೇವರ ಮುಂದೆ ಇಟ್ಟು ತೆಗೆಯುವುದು ಅವರ ಮನೆಯ ಪದ್ಧತಿ. ಮನೆಯಲ್ಲಿ ಇನ್ನು ಹತ್ತು ದಿನ ದೇವರ ಪೂಜೆಯಿಲ್ಲ.

"ಸಂಕ್ಯಾ ಇನ್ನೂ ಕೇಳಿಲ್ಲ ಅಜ್ಜಾ. ಅಂವ ಹೋಗಬಹುದಲ್ಲ?" ಎಂದಳು.

ಹೋಗಬಹುದಿತ್ತು. ಅವರಿಬ್ಬರೂ ಹೋಗುವಂತಿರಲಿಲ್ಲ.

"ಒಬ್ಬನ ಹೋಗು," ಅವಳು ತಮ್ಮನಿಗೆ ದೂರದಿಂದಲೇ ತಿಳಿಸಿದಳು. "ಚಪ್ಪಲಿ ಇಲ್ಲೇ ಬಿಡು. ಚೀಲ ದೇವರ ಮುಂದಿನ ಕಟ್ಟಿ ಮ್ಯಾಲೆ ಇಡು. ಪೂಜಾರಿಯವರು ಕುಂಕುಮ ಹಚ್ಚತಾರ. ಜಾಣತನ ಕೊಡಪಾ ಅಂತ ನಮಸ್ಕಾರ ಮಾಡು. ಅಂಜಬ್ಯಾಡ, ನಾವು ಇಲ್ಲೇ ಕಾಣಸ್ತೇವಿ."

ಆರು ವರ್ಷದ ಸಂಕೇತ ಹೆಜ್ಜೆಗೊಮ್ಮೆ ಹಿಂದೆ ನೋಡುತ್ತ ಒಳಗೆ ಹೋದ. ರಸ್ತೆಯ ಈಚೆ ಬಿಸಿಲಿನಲ್ಲಿ ಅಜ್ಜ ಮೊಮ್ಮಗಳು ನಿಂತರು. ಗಂಟೆಯ ಸದ್ದು ಕೇಳಿಸಿತು. ಬಿಂದಣ್ಣನೂ ತಾವೂ ಹುಡುಗರಾಗಿದ್ದಾಗ ಇಂಥದೇ ಒಂದು ಗುಡಿಯಲ್ಲಿ ಗಂಟೆ ಯಾರು ಮೊದಲು ಮುಟ್ಟುವುದೆಂದು ಜಗಳಾಡಿದ್ದು ಆಚಾರ್ಯರಿಗೆ ನೆನಪಾಗಿ, ಆಗ ಮೊದಲ ಸಲ ಕಣ್ಣು ತುಂಬಿತು. ಕೈ ಮುಗಿಯಲು ಎತ್ತಿದವರು ಹಾಗೆಯೇ ಕೆಳಗೆ ಬಿಟ್ಟರು.

ಸಂಕೇತ ಹೊರಗೆ ಬಂದ. ಹಣೆಯಲ್ಲಿ ಕುಂಕುಮ, ಆನೆಯ ಸೊಂಡಿಲಿನ ಮೇಲೂ ಕುಂಕುಮ. ಬೊಗಸೆ ತುಂಬ ಸಕ್ಕರೆ, ಅದರ ಮೇಲೆ ಎರಡು ದಳ ತುಳಸಿ. ಒಂದು ಕಾಳೂ ಬೀಳದಂತೆ ಮೆಲ್ಲಗೆ ನಡೆದುಬಂದ.

"ಅಕ್ಕಾ, ಪ್ರಸಾದ. ತಗೋ."

ಶರ್ವರಿ ಕೈ ಹಿಂದೆ ಕಟ್ಟಿಕೊಂಡಳು. ಅವನು ಅಜ್ಜನ ಕಡೆ ಹಿಡಿದ. ಅಜ್ಜನ ಕೈ ಏಳಲಿಲ್ಲ. ಬೆವರಿಗೆ ಸಕ್ಕರೆ ಕರಗಿ ಬೆರಳ ಸಂದಿಯಲ್ಲಿ ಇಳಿಯತೊಡಗಿತ್ತು. ಸಂಕೇತ ಒಮ್ಮೆ ಅಜ್ಜನ ಮುಖ ನೋಡಿದ, ಒಮ್ಮೆ ಅಕ್ಕನ ಮುಖ ನೋಡಿದ.

"ಯಾರರೆ ತಗೋರಿ," ಎಂದ.